ಅಧಿಕ ಮಾಸದ ಸರಾಸರಿ

ಬಿ.ಟಿ.ಎಂ. ಲೇಔಟ್
3 ಆಗಸ್ಟ್ 2026, ಸೋಮವಾರ

ಸೊಣ್ಣಮ್ಮಕ್ಕನಿಗೆ ಅನ್ನಪೂರ್ಣಳ ನಮಸ್ಕಾರ.

ಐದು ತಿಂಗಳಿನಿಂದ ನೀವು ನನ್ನ ಫೋನ್ ಎತ್ತಿಲ್ಲ. ಮೆಸೇಜ್ ಕಳಿಸಿದರೆ ಓದಿದ ಗುರುತೂ ಬರುವುದಿಲ್ಲ. ಅದಕ್ಕೇ ಈ ಕಾಗದವನ್ನು ಕೈಲಾಸಣ್ಣನ ವ್ಯಾನಿನಲ್ಲಿ ಕಳಿಸುತ್ತಿದ್ದೇನೆ. ಬೆಳಿಗ್ಗೆ ಹೂರಣದ ಡಬ್ಬಿ ಇಳಿಸುವಾಗ ನಿಮ್ಮ ಕೈಗೇ ಕೊಡುತ್ತೇನೆ ಎಂದಿದ್ದಾರೆ. ಹರಿದು ಹಾಕುವ ಮುಂಚೆ ಒಂದು ಸಲ ಓದಿ. ನಿಮ್ಮ ಸಿಟ್ಟು ಇಳಿಸಲು ಬರೆಯುತ್ತಿಲ್ಲ, ಅದಕ್ಕಿಂತ ಅವಸರದ ವಿಷಯವಿದೆ.

ಇದೇ ಹದಿನೇಳಕ್ಕೆ ಜಯನಗರದ ಹೆಡ್ ಆಫೀಸಿನಲ್ಲಿ ಮೀಟಿಂಗ್. ನಮ್ಮ ಐದು ಹೋಳಿಗೆ ಅಂಗಡಿಗಳಲ್ಲಿ ಯಾವುದನ್ನು ಮುಚ್ಚಬೇಕು ಎಂದು ಶಶಿಧರ್ ಸರ್ ಅಂದು ತೀರ್ಮಾನಿಸುತ್ತಾರೆ. ಅವರು ನೋಡುವುದು ಅಂಗಡಿಗಳ ಲೆಕ್ಕವನ್ನು ಬಣ್ಣದಲ್ಲಿ ತೋರಿಸುವ, ನಾನು ಮಾಡಿಕೊಟ್ಟ ಡ್ಯಾಶ್‌ಬೋರ್ಡನ್ನು. ಅದರಲ್ಲಿ ಜಯನಗರ, ಬನಶಂಕರಿ, ಜೆ.ಪಿ. ನಗರ, ಕುಮಾರಸ್ವಾಮಿ ಲೇಔಟ್ ನಾಲ್ಕೂ ಹಸಿರು. ಉತ್ತರಹಳ್ಳಿ ಒಂದೇ ಕೆಂಪು.

ಕೆಂಪು ಹೇಗೆ ಬರುತ್ತದೆಂದು ಹೇಳುತ್ತೇನೆ. ಒಂದು ದಿನದ ಮಾರಾಟ ನೋಡಿ ಯಾರೂ ನಿರ್ಧರಿಸುವುದಿಲ್ಲ. ಇವತ್ತಿನಿಂದ ಹಿಂದಿನ ತೊಂಬತ್ತು ದಿನ ತೆಗೆದುಕೊಂಡು ದಿನಕ್ಕೆ ಸರಾಸರಿ ಎಷ್ಟು ಹೋಳಿಗೆ ಹೋಯಿತು ಎಂದು ನೋಡುತ್ತೇವೆ. ನಾಳೆ ಆ ತೊಂಬತ್ತಕ್ಕೆ ಒಂದು ಹೊಸ ದಿನ ಸೇರುತ್ತದೆ, ಹಳೆಯದೊಂದು ಬಿಟ್ಟುಹೋಗುತ್ತದೆ. ಇದಕ್ಕೆ ರೋಲಿಂಗ್ ಆವರೇಜ್ ಅನ್ನುತ್ತಾರೆ. ಅದನ್ನು ಹೋದ ವರ್ಷದ ಅದೇ ತೊಂಬತ್ತು ತಾರೀಖುಗಳ ಜೊತೆ ಹೋಲಿಸುತ್ತೇವೆ. ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಇಳಿದಿದ್ದರೆ ಕೆಂಪು. ನಿಮ್ಮದು ಹೋದ ವರ್ಷ ದಿನಕ್ಕೆ ನಾನೂರ ಅರವತ್ತು ಇತ್ತು, ಈಗ ಮುನ್ನೂರು. ನೂರಕ್ಕೆ ಮೂವತ್ತೈದು ಇಳಿದಿದೆ.

ಹೀಗೇ ಇದ್ದರೆ ಬಾಗಿಲು ಹಾಕುತ್ತಾರೆ. ನಿಮ್ಮ ಕೆಲಸವೂ ನಾರಾಯಣಮ್ಮನ ಕೆಲಸವೂ ಹೋಗುತ್ತದೆ. ಮೇ ತಿಂಗಳಿನಿಂದ ಅಲ್ಲಿ ಏನಾಗಿದೆ ಎಂದು ದಯವಿಟ್ಟು ಬರೆಯಿರಿ. ನಾನು ಊರಿನಿಂದ ಬಂದು ಎರಡು ವರ್ಷ ನಿಮ್ಮ ಕೌಂಟರಿನಲ್ಲಿ ನಿಂತವಳು. ಆ ಅಂಗಡಿ ಮುಚ್ಚಿದರೆ ನನಗೆ ತಡೆಯಲಾಗುವುದಿಲ್ಲ.

ನಿಮ್ಮ
ಅನ್ನಪೂರ್ಣ


ಉತ್ತರಹಳ್ಳಿ
5 ಆಗಸ್ಟ್ 2026

ಅನ್ನಪೂರ್ಣಳಿಗೆ,

ಕಾಗದ ಬಂತು. ಹರಿಯಲಿಲ್ಲ. ಒಲೆ ಗ್ಯಾಸಿನದು, ಸೌದೆಯದಾಗಿದ್ದರೆ ಕಥೆ ಬೇರೆ ಇರುತ್ತಿತ್ತು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನೀವು. ಮೇ ತಿಂಗಳಿನಿಂದ ಏನಾಯಿತು ಎಂದು ಕೇಳುತ್ತೀಯಲ್ಲ, ನಿನ್ನ ರೂಮಿನಲ್ಲಿ ಕ್ಯಾಲೆಂಡರ್ ಇಲ್ಲವೇ? ಮೇ ಹದಿನೇಳರಿಂದ ಜೂನ್ ಹದಿನೈದರ ತನಕ ಅಧಿಕ ಜ್ಯೇಷ್ಠ ಇತ್ತು. ಉತ್ತರಹಳ್ಳಿ, ವಸಂತಪುರದ ಹಳೇ ಮನೆಗಳವರು ಅಧಿಕ ಮಾಸದಲ್ಲಿ ಮದುವೆ ಮಾಡುವುದಿಲ್ಲ, ಹೊಸ ಮನೆಯಲ್ಲಿ ಹಾಲು ಉಕ್ಕಿಸುವುದಿಲ್ಲ. ನಮ್ಮ ಅಂಗಡಿ ನಡೆಯುವುದೇ ಆ ಆರ್ಡರುಗಳ ಮೇಲೆ. ಅದೇ ತಿಂಗಳು ಜಯನಗರದಲ್ಲಿ ಮಗಳು ಅಳಿಯನನ್ನು ಕರೆದು ಮೂವತ್ತಮೂರು ಒಬ್ಬಟ್ಟು ತಟ್ಟೆಯಲ್ಲಿಟ್ಟು ದಾನ ಕೊಡುತ್ತಾರೆ. ಅವರಿಗೆ ಸುಗ್ಗಿ, ನಮಗೆ ಉಪವಾಸ. ಹೋದ ವರ್ಷ ಅಧಿಕ ಮಾಸವೇ ಇರಲಿಲ್ಲ. ಹೋದ ವರ್ಷದ ಮದುವೆ ತಿಂಗಳ ಪಕ್ಕ ಈ ವರ್ಷದ ಅಧಿಕ ಮಾಸ ನಿಲ್ಲಿಸಿ ಸೊಣ್ಣಮ್ಮ ಇಳಿದಳು ಅಂದರೆ ನಾನೇನು ಮಾಡಲಿ?

ಇನ್ನೊಂದು ಕೇಳು. ಹೋದ ವರ್ಷ ವರಮಹಾಲಕ್ಷ್ಮಿ ಆಗಸ್ಟ್ ಎಂಟಕ್ಕೇ ಬಂದಿತ್ತು. ಈ ವರ್ಷ ಆ ತಾರೀಖಿಗೆ ಇನ್ನೂ ಆಷಾಢ. ಹದಿನೇಳಕ್ಕೆ ನಿನ್ನ ತೊಂಬತ್ತು ದಿನದೊಳಗೆ ಹೋದ ವರ್ಷದ ಹಬ್ಬ ಸೇರುತ್ತದೆ, ಈ ವರ್ಷದ್ದು ಸೇರುವುದಿಲ್ಲ. ಆಗ ಇನ್ನೆಷ್ಟು ಕೆಂಪಾಗುತ್ತದೋ ನೋಡಿಕೋ.

ತಡೆಯಲಾಗುವುದಿಲ್ಲ ಎಂದು ಬರೆದಿದ್ದೀಯ. ಗೋವಿಂದಮ್ಮನನ್ನು ತೆಗೆದಾಗ ತಡೆದುಕೊಂಡೆಯಲ್ಲ. ಅವಳು ಹನ್ನೊಂದು ವರ್ಷ ನನ್ನ ಪಕ್ಕದ ಕಾವಲಿಯಲ್ಲಿ ಒಬ್ಬಟ್ಟು ತಟ್ಟಿದವಳು. ನೀನು ಹೊಸದಾಗಿ ಬಂದಾಗ ನಿನಗೆ ಊಟ ಹಾಕಿದವಳೂ ಅವಳೇ. ಉತ್ತರಹಳ್ಳಿಗೆ ಮೂರು ಕೈ ಬೇಡ, ಎರಡು ಸಾಕು ಎಂದು ನೀನು ಕೊಟ್ಟ ಹಾಳೆ ನೋಡಿ ಮಾರ್ಚ್ ಮೊದಲ ದಿನ ಅವಳನ್ನು ಕಳಿಸಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಾನು ಫೋನ್ ಎತ್ತದಿರುವುದು ಅದಕ್ಕೆ.

ಸೊಣ್ಣಮ್ಮ


ಬಿ.ಟಿ.ಎಂ. ಲೇಔಟ್
8 ಆಗಸ್ಟ್ 2026

ಸೊಣ್ಣಮ್ಮಕ್ಕನಿಗೆ,

ನಿಮ್ಮ ಕಾಗದ ಓದಿ ನಾಚಿಕೆಯಾಯಿತು. ಅಧಿಕ ಮಾಸ ಶುರುವಾದ ದಿನ ನಮ್ಮವ್ವ ಊರಿನಿಂದ ಫೋನ್ ಮಾಡಿ, "ಹೊಸಾ ಸೀರಿ ತಗೋಬ್ಯಾಡ, ಅಧಿಕ ಅದ" ಎಂದಿದ್ದಳು. ಹೂಂ ಎಂದು ಫೋನ್ ಇಟ್ಟೆ. ಮುಂದೆ ವಾರವಾರವೂ ಉತ್ತರಹಳ್ಳಿಯ ಗೆರೆ ಇಳಿಯುವುದನ್ನು ನೋಡಿದೆ. ಎರಡನ್ನೂ ಒಟ್ಟಿಗೆ ಯೋಚಿಸಲಿಲ್ಲ.

ಆ ಬಣ್ಣಗಳ ಹಿಂದಿನ ಲೆಕ್ಕ ಮಾಡುವ ನಮ್ಮ ಮಾಡೆಲ್ಲಿನಲ್ಲಿ ತಾರೀಖುಗಳದ್ದೇ ಒಂದು ಪಟ್ಟಿ ಇರುತ್ತದೆ. ಎಲ್ಲ ಹೋಲಿಕೆಯೂ ಅದರ ಮೇಲೆ ನಿಂತಿದೆ. ಪಂಚಾಂಗ ಎದುರಿಗಿಟ್ಟುಕೊಂಡು ಮೂರು ದಿನ ಕೂತು, ಒಂದೊಂದು ತಾರೀಖಿನ ಪಕ್ಕದಲ್ಲೂ ಮಾಸ, ತಿಥಿ ಬರೆದೆ. ಈಗ ಅದು ಜೂನ್ ಹದಿನಾರನ್ನು ಜೂನ್ ಹದಿನಾರಿನ ಜೊತೆ ಹೋಲಿಸುವುದಿಲ್ಲ, ಜ್ಯೇಷ್ಠವನ್ನು ಜ್ಯೇಷ್ಠದ ಜೊತೆ, ಆಷಾಢವನ್ನು ಆಷಾಢದ ಜೊತೆ ಹೋಲಿಸುತ್ತದೆ. ಅಧಿಕ ಮಾಸವನ್ನು ಹೊರಗಿಟ್ಟು, ಜೂನ್ ಹದಿನಾರರಿಂದ ನಿನ್ನೆಯ ತನಕದ ಐವತ್ತಮೂರು ದಿನ ತೆಗೆದುಕೊಂಡಿದ್ದೇನೆ. ಹೋದ ವರ್ಷ ಅದೇ ಮಾಸ, ತಿಥಿಗಳಲ್ಲಿ ನಿಮ್ಮ ಸರಾಸರಿ ಮುನ್ನೂರೈವತ್ತು. ಈ ವರ್ಷ ಮುನ್ನೂರ ಎಪ್ಪತ್ತನಾಲ್ಕು. ಇಳಿದಿಲ್ಲ, ನೂರಕ್ಕೆ ಏಳು ಏರಿದೆ. ಉತ್ತರಹಳ್ಳಿ ಹಸಿರಾಯಿತು.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಸಾಲು ಸಾಲಾಗಿ ನೋಡುವಾಗ ಇನ್ನೊಂದು ಕಂಡಿತು. ಐವತ್ತಮೂರು ದಿನಗಳಲ್ಲಿ ನಿಮ್ಮ ಅಂಗಡಿಯಿಂದ ಮಾರಾಟದ ಎಂಟ್ರಿ ಬಂದಿರುವುದು ಮೂವತ್ತೇಳು ದಿನದ್ದು ಮಾತ್ರ. ಯಾವ ಮಂಗಳವಾರವೂ ಇಲ್ಲ, ಯಾವ ಶುಕ್ರವಾರವೂ ಇಲ್ಲ. ಬುಧವಾರ, ಶನಿವಾರ ಮಾತ್ರ ದುಪ್ಪಟ್ಟು ಇದೆ. ಮಾಡೆಲ್ಲು ಖಾಲಿ ದಿನವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಐವತ್ತಮೂರು ದಿನದ ಮಾರಾಟವನ್ನು ಮೂವತ್ತೇಳರಿಂದಲೇ ಭಾಗಿಸಿ ಸರಾಸರಿ ಕೊಡುತ್ತಿದೆ. ಹೋದ ವರ್ಷ ಒಂದು ದಿನವೂ ಖಾಲಿ ಇರಲಿಲ್ಲ.

ಸರಿಯಾಗಿ ಐವತ್ತಮೂರರಿಂದ ಭಾಗಿಸಿದರೆ ನಿಮ್ಮ ಸರಾಸರಿ ಇನ್ನೂರ ಅರವತ್ತೊಂದು. ನೂರಕ್ಕೆ ಇಪ್ಪತ್ತೈದು ಇಳಿಕೆ. ಮತ್ತೆ ಕೆಂಪು.

ಇದು ನನ್ನೊಬ್ಬಳಿಗೇ ಗೊತ್ತು. ಸರ್ ಸಾಲುಗಳನ್ನು ತೆರೆದು ನೋಡುವವರಲ್ಲ, ಬಣ್ಣ ನೋಡುವವರು. ಆ ದಿನಗಳು ಯಾಕೆ ಖಾಲಿ ಇವೆ ಎಂದು ಬರೆಯಿರಿ.

ಅನ್ನಪೂರ್ಣ


ಉತ್ತರಹಳ್ಳಿ
10 ಆಗಸ್ಟ್ 2026

ಅನ್ನಪೂರ್ಣಳಿಗೆ,

ಮಂಗಳವಾರ, ಶುಕ್ರವಾರ ದೀಪ ಹಚ್ಚಿದ ಮೇಲೆ ಲೆಕ್ಕ ಮುಗಿಸಬಾರದು ಎಂದು ನಮ್ಮತ್ತೆ ಹೇಳಿಕೊಟ್ಟಿದ್ದರು. ಹೊಲ ಇದ್ದಾಗ ರಾಗಿ ಅಳೆಯುವುದಕ್ಕೂ ಅದೇ ನೇಮ. ಹೊಲ ಲೇಔಟ್ ಆಯಿತು, ನೇಮ ಉಳಿಯಿತು. ಆ ಎರಡು ದಿನದ ಮಾರಾಟವನ್ನು ಮಾರನೆಯ ದಿನದ ಜೊತೆ ಸೇರಿಸಿ ಹಾಕುತ್ತೇನೆ. ಒಂದು ಒಬ್ಬಟ್ಟೂ ತಪ್ಪಿಲ್ಲ, ಬೇಕಾದರೆ ಎಣಿಸಿಕೋ.

ಮುಂಚೆ ಆ ದಿನಗಳಲ್ಲಿ ಗೋವಿಂದಮ್ಮ ಲೆಕ್ಕವನ್ನು ಫೋನಿನಲ್ಲಿ ಒತ್ತುತ್ತಿದ್ದಳು. "ಪಾಪ ಬಂದ್ರೆ ನಂಗೇ ಬರ್ಲಿ ಬಿಡಕ್ಕ" ಅನ್ನುತ್ತಿದ್ದಳು. ಈಗ ನಾರಾಯಣಮ್ಮನಿಗೆ ಫೋನ್ ಒತ್ತಲು ಬರುವುದಿಲ್ಲ. ನಾನು ಒತ್ತುವುದಿಲ್ಲ.

ನೀನು ಕೇಳದಿದ್ದರೂ ಹೇಳುತ್ತೇನೆ. ಅದನ್ನು ಹಾಗೇ ಬಿಟ್ಟುಬಿಡು. ನಾನು ಬೇಡಿಕೊಂಡವಳಲ್ಲ, ನಿನಗೆ ಗೊತ್ತು. ನಾರಾಯಣಮ್ಮನ ಗಂಡ ಬಿದ್ದುಕೊಂಡು ಎರಡು ವರ್ಷವಾಯಿತು, ಆ ಮನೆ ನಡೆಯುವುದು ಅವಳ ಕೈಯಿಂದ. ನಿನ್ನ ಯಂತ್ರ ಒಂದು ತಪ್ಪಿನಿಂದ ನಮ್ಮನ್ನು ಮುಳುಗಿಸಿತ್ತು. ಇನ್ನೊಂದು ತಪ್ಪಿನಿಂದ ತೇಲಿಸಿದರೆ ಯಾರ ಗಂಟು ಹೋಗುತ್ತದೆ? ನಾನು ತಪ್ಪು ಕೇಳುತ್ತಿದ್ದೇನೆ ಎಂದು ನನಗೆ ಗೊತ್ತು. ಆದರೂ ಕೇಳುತ್ತಿದ್ದೇನೆ.

ಸೊಣ್ಣಮ್ಮ


ಬಿ.ಟಿ.ಎಂ. ಲೇಔಟ್
13 ಆಗಸ್ಟ್ 2026

ಸೊಣ್ಣಮ್ಮಕ್ಕನಿಗೆ,

ನಿಮ್ಮ ಕಾಗದ ಬಂದು ಮೂರು ದಿನವಾಯಿತು. ಬಿಟ್ಟುಬಿಡುತ್ತೇನೆ ಎಂದು ಎರಡು ಸಲ ಬರೆದು ಎರಡು ಸಲವೂ ಹರಿದೆ. ಈ ಸಲ ಹರಿಯುವುದಿಲ್ಲ.

ಖಾಲಿ ದಿನಗಳನ್ನು ಹಾಗೇ ಬಿಟ್ಟರೆ ನಿಮ್ಮ ಅಂಗಡಿ ಉಳಿಯುತ್ತದೆ. ಅದರ ಜೊತೆ ನಾನೂ ಉಳಿಯುತ್ತೇನೆ. ಅದು ನಿಮಗೆ ಗೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ದಿನ ದಿನದ ಮಾರಾಟವನ್ನು ಸರಿಯಾಗಿ ಹಂಚಿ ಗೆರೆ ಎಳೆದರೆ ಇಳಿಕೆ ಎಲ್ಲಿಂದ ಶುರುವಾಗುತ್ತದೆ ಗೊತ್ತೇ? ಮಾರ್ಚ್ ಮೊದಲ ವಾರದಿಂದ. ಗೋವಿಂದಮ್ಮ ಹೋದ ಮಾರನೆಯ ದಿನದಿಂದ. ಹೋದ ವರ್ಷ ಮೂರು ಜನ ಮುನ್ನೂರೈವತ್ತು ತಟ್ಟುತ್ತಿದ್ದಿರಿ, ಒಬ್ಬೊಬ್ಬರಿಗೆ ನೂರಹದಿನೇಳು. ಈ ವರ್ಷ ಇಬ್ಬರು ಇನ್ನೂರ ಅರವತ್ತೊಂದು, ಒಬ್ಬೊಬ್ಬರಿಗೆ ನೂರಮೂವತ್ತು. ನೀವಿಬ್ಬರೂ ಮುಂಚಿಗಿಂತ ಹೆಚ್ಚು ದುಡಿದಿದ್ದೀರಿ. ಒಂದು ಕೈ ಇಲ್ಲದ್ದಕ್ಕೆ ಅಂಗಡಿ ಇಳಿದಿದೆ.

ಆ ಕೈಯನ್ನು ತೆಗೆಸಿದ್ದು ನಾನು, ತಪ್ಪು ಹೋಲಿಕೆಯಿಂದ. ಫೆಬ್ರವರಿ ಹತ್ತೊಂಬತ್ತಕ್ಕೆ ಸರ್ ಕೇಳಿದರು, ಉತ್ತರಹಳ್ಳಿಗೆ ಮೂರು ಜನ ಬೇಕಾ ಎಂದು. ಅರ್ಧ ಗಂಟೆಯಲ್ಲಿ ಹಾಳೆ ಕೊಟ್ಟೆ. ಹಿಂದಿನ ತಿಂಗಳಿಗಿಂತ ನೂರಕ್ಕೆ ನಲವತ್ತೆರಡು ಇಳಿದಿದೆ ಎಂದು ಅದರಲ್ಲಿತ್ತು. ಆದರೆ ಹಿಂದಿನ ತಿಂಗಳು ಎಂದರೆ ಪೂರಾ ಜನವರಿ, ಮೂವತ್ತೊಂದು ದಿನ. ಈ ತಿಂಗಳು ಎಂದರೆ ಅಂದಿನ ತನಕದ ಹದಿನೆಂಟು ದಿನ. ಹದಿನೆಂಟು ದಿನವನ್ನು ಹದಿನೆಂಟು ದಿನದ ಜೊತೆಗೇ ಹೋಲಿಸಬೇಕು. ಇದು ಈ ಕೆಲಸದ ಮೊದಲ ಪಾಠ. ನಾನು ತಪ್ಪಿದೆ. ನಿಮ್ಮ ಅಂಗಡಿ ಆಗ ಒಂದು ಚೂರೂ ಇಳಿದಿರಲಿಲ್ಲ.

ಮಾರ್ಚ್ ಒಂಬತ್ತರಂದು ಮುಂದಿನ ತಿಂಗಳ ಹಾಳೆ ಮಾಡುವಾಗ ತಪ್ಪು ಕಂಡಿತು. ಗೋವಿಂದಮ್ಮ ಹೋಗಿ ಎಂಟು ದಿನವಾಗಿತ್ತು. ಆಗಲೇ ಹೇಳಿದ್ದರೆ ಅವರನ್ನು ವಾಪಸ್ ಕರೆಸಬಹುದಿತ್ತು. ಹೆದರಿದೆ. ಕೌಂಟರ್ ಬಿಟ್ಟು ಆಫೀಸಿನ ಈ ಕೆಲಸಕ್ಕೆ ಸೇರಿ ನಾಲ್ಕು ತಿಂಗಳೂ ಆಗಿರಲಿಲ್ಲ. ಮಾಡೆಲ್ಲಿನಲ್ಲಿ ತಪ್ಪನ್ನು ಸದ್ದಿಲ್ಲದೆ ತಿದ್ದಿದೆ, ಯಾರಿಗೂ ಹೇಳಲಿಲ್ಲ. ಆಮೇಲೆ ನಿಮಗೆ ದಿನವೂ ಫೋನ್ ಮಾಡುತ್ತಿದ್ದೆನಲ್ಲ, ನೀವು ಎತ್ತದಿದ್ದಾಗ ಒಂದು ಕಡೆ ಸಮಾಧಾನವೂ ಆಗುತ್ತಿತ್ತು.

ಸೋಮವಾರ ಮೀಟಿಂಗಿನಲ್ಲಿ ಎಲ್ಲವನ್ನೂ ಇಡಬೇಕೆಂದಿದ್ದೇನೆ. ಅಧಿಕ ಮಾಸ, ಖಾಲಿ ದಿನ, ಫೆಬ್ರವರಿ. ಇಟ್ಟರೆ ಸರ್ ಗೋವಿಂದಮ್ಮನನ್ನು ಕರೆಸಿ ಅಂಗಡಿ ಉಳಿಸಬಹುದು, ಇಲ್ಲವೇ ಇಪ್ಪತ್ತೈದು ಇಳಿದಿದೆಯಲ್ಲ ಎಂದು ಮುಚ್ಚಲೂಬಹುದು. ಯಾವುದೆಂದು ಹೇಳಲಾರೆ. ನೀವು ಬೇಡವೆಂದರೆ ಖಾಲಿ ದಿನದ ಮಾತು ತೆಗೆಯುವುದಿಲ್ಲ. ನಿಮ್ಮ ಅನ್ನದ ವಿಷಯದಲ್ಲಿ ಎರಡನೇ ಸಲ ನಾನೊಬ್ಬಳೇ ನಿರ್ಧಾರ ಮಾಡಲಾರೆ.

ಅನ್ನಪೂರ್ಣ


ಉತ್ತರಹಳ್ಳಿ
15 ಆಗಸ್ಟ್ 2026

ಅನ್ನಪೂರ್ಣಳಿಗೆ,

ಕಾಗದ ಓದಿದೆ. ನಾನು ನಿನ್ನನ್ನು ಬೈದದ್ದು ನೀನು ಲೆಕ್ಕಕ್ಕೆ ಹೆಚ್ಚು ಬೆಲೆ ಕೊಟ್ಟೆ ಎಂದು. ಲೆಕ್ಕವೇ ಸುಳ್ಳಾಗಿತ್ತು, ನಿನಗೆ ಗೊತ್ತೂ ಇತ್ತು ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ನಿನ್ನೆ ಅಂಗಡಿಯನ್ನು ನಾರಾಯಣಮ್ಮನಿಗೆ ಒಪ್ಪಿಸಿ ಬಸ್ಸು ಹಿಡಿದು ಕುಮಾರಸ್ವಾಮಿ ಲೇಔಟಿಗೆ ಹೋದೆ. ಗೋವಿಂದಮ್ಮ ಅಲ್ಲಿ ಒಂದು ಪಿ.ಜಿ.ಯಲ್ಲಿ ಅಡುಗೆ ಮಾಡುತ್ತಾಳೆ. ನಿನ್ನ ಕಾಗದ ಪೂರ್ತಿ ಓದಿ ಹೇಳಿದೆ. ಹುರುಳಿಕಾಯಿ ನಾರು ಬಿಡಿಸುತ್ತಾ ಕೇಳಿದಳು. ಮುಗಿದ ಮೇಲೆ, "ಹದಿನೆಂಟು ದಿನಾನ ಮೂವತ್ತೊಂದು ದಿನದ ಜೊತೆಗೆ ಇಟ್ಳಾ?" ಅಂದಳು. ಹೂಂ ಅಂದೆ. "ನಮ್ ವಿಭಾ ಏಳ್ನೇ ಕ್ಲಾಸಲ್ಲಿದ್ದಾಗ್ಲೂ ಹಂಗೆ ಮಾಡ್ತಿರ್ಲಿಲ್ಲ ಅಕ್ಕ."

ವಿಭಾ ಅವಳ ಮಗಳು, ನೆನಪಿದೆಯಲ್ಲ. ಪಿ.ಯು.ಸಿ. ಪಾಸಾದಳು. ಜೂನ್‌ನಲ್ಲಿ ಡಿಗ್ರಿಗೆ ಸೇರಬೇಕಿತ್ತು. ಅಮ್ಮನಿಗೆ ಕೆಲಸವಿಲ್ಲದ ಎರಡು ತಿಂಗಳಲ್ಲಿ ಫೀಸಿಗೆ ಇಟ್ಟ ದುಡ್ಡು ಕರಗಿ ಅದು ತಪ್ಪಿತು, ಈಗ ಬಟ್ಟೆ ಅಂಗಡಿಯಲ್ಲಿ ನಿಲ್ಲುತ್ತಾಳೆ. ಗೋವಿಂದಮ್ಮ ಕೇಳಿದಳು, "ಅವ್ಳು ತಿದ್ದಿದ್ರೆ ತಿದ್ಕೊಳ್ಲಿ. ನನ್ ಮಗಳ ವರ್ಷ ಎಲ್ಲಿಂದ ತರ್ತಾಳಂತೆ?" ನೀನಾಗಿದ್ದರೆ ಏನು ಹೇಳುತ್ತಿದ್ದೆ?

ಬಿಟ್ಟುಬಿಡು ಎಂದು ಬರೆದದ್ದನ್ನು ವಾಪಸ್ ತೆಗೆದುಕೊಂಡಿದ್ದೇನೆ. ಎಲ್ಲವನ್ನೂ ಇಡು. ಅಂಗಡಿ ಹೋದರೆ ಹೋಗಲಿ, ಗೋವಿಂದಮ್ಮ ಬೇಡವಾದ ಕೈ ಎಂಬ ಮಾತು ಮೊದಲು ಹೋಗಬೇಕು. ನಾರಾಯಣಮ್ಮನೂ ಇದಕ್ಕೆ ಒಪ್ಪಿದ್ದಾಳೆ. ಅತ್ತು ಒಪ್ಪಿದಳು.

ಇದರ ಜೊತೆ ಒಂದು ಚೀಟಿ ಇದೆ. ಅಧಿಕ ಕಳೆದ ಮೇಲೆ ಮದುವೆ, ಗೃಹಪ್ರವೇಶಕ್ಕೆ ಬಂದ ಇಪ್ಪತ್ತೊಂದು ಆರ್ಡರುಗಳನ್ನು ತಟ್ಟುವ ಕೈ ಇಲ್ಲದೆ ವಾಪಸ್ ಕಳಿಸಿದ್ದೇನೆ. ಹೆಸರು, ಫೋನ್ ನಂಬರ್, ಎಷ್ಟು ಬೇಕಿತ್ತು ಎಲ್ಲ ಬರೆದಿದೆ. ಮಾರಿದ್ದನ್ನು ಮಾತ್ರ ಒತ್ತಿ ಎಂದಿದ್ದರು, ಇಲ್ಲವೆಂದು ಕಳಿಸಿದ್ದನ್ನು ಯಾರೂ ಕೇಳಿರಲಿಲ್ಲ.

ಸೊಣ್ಣಮ್ಮ


ಬಿ.ಟಿ.ಎಂ. ಲೇಔಟ್
18 ಆಗಸ್ಟ್ 2026

ಸೊಣ್ಣಮ್ಮಕ್ಕನಿಗೆ,

ನಿನ್ನೆ ಮೀಟಿಂಗ್ ಆಯಿತು. ನಡೆದದ್ದನ್ನು ಹಾಗೇ ಬರೆಯುತ್ತೇನೆ.

ಸರ್ ಲ್ಯಾಪ್‌ಟಾಪ್ ತಿರುಗಿಸಿ, "ಏನ್ರೀ ಇದು, ಎರಡು ವಾರದಲ್ಲಿ ಕೆಂಪು, ಹಸಿರು, ಮತ್ತೆ ಕೆಂಪು? ಯಾವ್ದನ್ನ ನಂಬ್ಲಿ?" ಎಂದರು. ಕೊನೆಯದನ್ನು ನಂಬಿ ಸರ್, ಆದರೆ ಕಾರಣ ಕೇಳಿ ಎಂದೆ. ಅಧಿಕ ಮಾಸ ಹೇಳಿದಾಗ ತಲೆಯಾಡಿಸಿದರು. ಅವರ ಮನೆಯಲ್ಲೂ ಅಳಿಯನಿಗೆ ಒಬ್ಬಟ್ಟಿನ ದಾನ ಕೊಟ್ಟಿದ್ದರಂತೆ. ಖಾಲಿ ದಿನ ಹೇಳಿದಾಗ ಮುಖ ಗಂಟಿಕ್ಕಿದರು. "ಹಂಗಾದ್ರೆ ಇಪ್ಪತ್ತೈದು ಪರ್ಸೆಂಟ್ ಬಿದ್ದಿದೆ, ಅಷ್ಟೇ ತಾನೆ? ರೂಲ್ ಅಂದ್ರೆ ರೂಲ್." ಆಗ ಒಬ್ಬೊಬ್ಬರ ಕೈಲೆಕ್ಕ ತೋರಿಸಿದೆ, ನಿಮ್ಮ ಚೀಟಿ ಕೊಟ್ಟೆ. ಅವರು ಅಲ್ಲೇ ಚೀಟಿಯ ಮೊದಲ ನಂಬರಿಗೆ ಫೋನ್ ಮಾಡಿದರು. ಆ ಕಡೆಯಿಂದ ಒಬ್ಬರು ಹೆಂಗಸು, ಇನ್ನೂರು ಒಬ್ಬಟ್ಟು ಕೇಳಿದ್ವಿ, ಆಗಲ್ಲ ಅಂದ್ರು, ಬೇರೆ ಕಡೆ ತಗೊಂಡ್ವಿ ಎಂದರು. ಎರಡನೆಯವರೂ ಅದನ್ನೇ ಹೇಳಿದರು. ಮೂರನೆಯ ಫೋನ್ ಮಾಡಲಿಲ್ಲ.

"ಗೋವಿಂದಮ್ಮನ್ನ ತೆಗೀರಿ ಅಂತ ರಿಪೋರ್ಟ್ ಕೊಟ್ಟಿದ್ದು ನೀವೇ ಅಲ್ವಾ?" ಎಂದರು.

"ಹೌದು ಸರ್. ಅದು ತಪ್ಪಾಗಿತ್ತು."

"ಯಾವಾಗ ಗೊತ್ತಾಯ್ತು?"

ಮೊನ್ನೆ ಎಂದು ಹೇಳಬಹುದಿತ್ತು. ಬಾಯಿಯ ತನಕ ಬಂದಿತ್ತು ಅಕ್ಕ, ನಿಮ್ಮ ಮುಂದೆ ಸುಳ್ಳು ಹೇಳುವುದಿಲ್ಲ. ಮಾರ್ಚ್ ಒಂಬತ್ತು ಎಂದೆ. ಸರ್ ಲ್ಯಾಪ್‌ಟಾಪ್ ಮುಚ್ಚಿದರು. "ತಪ್ಪು ಯಾರಿಗಾದ್ರೂ ಆಗುತ್ತೆ. ಐದು ತಿಂಗಳು ಸುಮ್ನೆ ಕೂತಿದ್ರಲ್ಲ, ಅದಕ್ಕೇನ್ ಹೇಳ್ಲಿ?" ಎಂದರು.

ಉತ್ತರಹಳ್ಳಿ ಮುಚ್ಚುವುದಿಲ್ಲ. ಗೋವಿಂದಮ್ಮನನ್ನು ಹಳೆಯ ಜಾಗಕ್ಕೇ ಕರೆಯುತ್ತಾರೆ, ತಪ್ಪು ಆಫೀಸಿನದು ಎಂದು ಬರೆದ ಪತ್ರವನ್ನು ಇವತ್ತು ಕೈಲಾಸಣ್ಣನೇ ತಲುಪಿಸುತ್ತಾರೆ. ನಾನು ಈ ತಿಂಗಳ ಕೊನೆಗೆ ಬಿಡಬೇಕು. ಸರ್ ಮಾಡಿದ್ದು ಸರಿಯಾಗಿದೆ.

ಗೋವಿಂದಮ್ಮನಿಗೆ ಕಾಗದ ಬರೆಯಲು ಕೂತೆ. ವಿಭಾಳ ವರ್ಷದ ಮಾತಿಗೆ ಬಂದು ಪೆನ್ನು ನಿಂತಿತು. ಅವರನ್ನು ನೋಡಲು ಬರಲೇ? ನಿಮ್ಮನ್ನೂ ನೋಡಬೇಕು. ನೀವು ಹೇಳಿದ ದಿನ ಬರುತ್ತೇನೆ.

ಅನ್ನಪೂರ್ಣ


ಉತ್ತರಹಳ್ಳಿ
24 ಆಗಸ್ಟ್ 2026

ಅನ್ನಪೂರ್ಣಳಿಗೆ,

ಗೋವಿಂದಮ್ಮ ಇವತ್ತು ಬೆಳಿಗ್ಗೆ ಬಂದಳು. ಪಿ.ಜಿ.ಯವರು ಇನ್ನೊಬ್ಬರು ಸಿಗುವ ತನಕ ಬಿಡಲಿಲ್ಲವಂತೆ, ಅದಕ್ಕೇ ತಡ. ನಾರಾಯಣಮ್ಮ ಅವಳನ್ನು ತಬ್ಬಿಕೊಂಡು ಅತ್ತಳು. ಗೋವಿಂದಮ್ಮ ಅಳಲಿಲ್ಲ. ಕಾವಲಿ ಮುಟ್ಟಿ ನೋಡಿ, ಯಾರು ಹೀಗೆ ಕರಕು ಹತ್ತಿಸಿದ್ದು ಎಂದು ನಮ್ಮಿಬ್ಬರನ್ನೂ ಬೈದಳು. ಮಧ್ಯಾಹ್ನದೊಳಗೆ ನೂರ ಎಂಬತ್ತು ತಟ್ಟಿದೆವು.

ನಿನ್ನ ಕೆಲಸ ಹೋದದ್ದನ್ನು ಅವಳಿಗೆ ಹೇಳಿದೆ. "ಒಳ್ಳೇದಾಯ್ತು ಅನ್ನಲ್ಲ. ಪಾಪ ಅಂತಾನೂ ಅನ್ನಲ್ಲ" ಎಂದಳು. ನೀನು ನೋಡಲು ಬರಬೇಕೆಂದಿದ್ದೀಯ ಎಂದೂ ಹೇಳಿದೆ. "ಕರಿ ಅಕ್ಕ, ನಿನ್ ಅಂಗಡಿ, ಬೇಡ ಅನ್ನೋಕೆ ನಾನ್ಯಾರು? ಒಬ್ಬಟ್ಟು ತಟ್ಟೋಕೆ ಬಂದಿದೀನಿ, ತಟ್ತೀನಿ. ಅವ್ಳು ಬಂದ ದಿನ ಮಾತ್ರ ನಾನು ಬರಲ್ಲ."

ನನಗೆ ನಿನ್ನನ್ನು ನೋಡಬೇಕು ಅನ್ನಿಸುತ್ತದೆ. ಕೇಳಿದ್ದಕ್ಕೆ ಸುಳ್ಳು ಹೇಳದೆ ಬಂದೆಯಲ್ಲ, ಅದನ್ನು ಓದಿ ನಾನು ಅಂಗಡಿಯ ಹಿಂದೆ ಹೋಗಿ ಅತ್ತಿದ್ದೇನೆ. ಸಿಟ್ಟೂ ಇದೆ. ಆದರೆ ಮಾರ್ಚಿನಲ್ಲಿ ಅವಳನ್ನು ಕಳಿಸಿದಾಗ ನಾನು ಫೋನ್ ಎತ್ತದೆ ಕೂತೆನೇ ಹೊರತು, ಜಯನಗರಕ್ಕೆ ಹೋಗಿ ಒಂದು ಮಾತು ಕೇಳಲಿಲ್ಲ. ಆಮೇಲೆ ಇಪ್ಪತ್ತೊಂದು ಆರ್ಡರಿನ ಚೀಟಿ ನನ್ನ ಹತ್ತಿರ ಇದ್ದಾಗಲೂ ಹೋಗಲಿಲ್ಲ. ಆಗ ಅವಳ ಪಕ್ಕ ನಿಲ್ಲದವಳು ಈಗ ನಿಲ್ಲಬೇಕು.

ಅದಕ್ಕೇ ನಿನಗೆ ಬಾ ಎಂದು ಬರೆಯುತ್ತಿಲ್ಲ.

ಸೊಣ್ಣಮ್ಮ